ಮೇನ್ ಆಫಾಗಿದ್ದ ರಾತ್ರಿಯ ಬ್ಯಾಕಪ್

ದೆವ್ವ, ಶಕುನ, ಕನಸಿನ ಸೂಚನೆ ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ವಾದಕ್ಕೆ ನಿಲ್ಲುವವಳು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ನಾಲಿಗೆಗೆ ಸೋತು ಅಭ್ಯಾಸವೇ ಇರಲಿಲ್ಲ. ಅವನ್ನೆಲ್ಲ ಈಗಲೂ ನಂಬುವುದಿಲ್ಲ. ಆದರೆ ಇದು ನಡೆದದ್ದು. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಮಡಕಶಿರದಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ. ಊರೂರಿನ ಕಾರ್ಖಾನೆಗಳ ಫೈಲುಗಳಿಗೆ ಕ್ಲೌಡ್‌ನಲ್ಲಿ ಇನ್ನೊಂದು ಪ್ರತಿ, ಅಂದರೆ ಬ್ಯಾಕಪ್, ಇಡುವ ವ್ಯವಸ್ಥೆ ಮಾಡಿಕೊಡುತ್ತೇನೆ. ಬೆಂಕಿ ಬಿದ್ದರೂ ಅಲ್ಲಿಂದ ಎಲ್ಲವನ್ನೂ ಮರಳಿ ಇಳಿಸಿಕೊಳ್ಳಬಹುದು. ಕೆಲವು ವರ್ಷಗಳ ಹಿಂದೆ ರಾಯದುರ್ಗದ ಒಂದು ಜೀನ್ಸ್ ಘಟಕಕ್ಕೆ ಹೋಗಿದ್ದೆ. ಅಲ್ಲಿ ಗೋಡೆಯ ಮೊಳೆಗಳಿಗೆ ರಟ್ಟಿನ ಅಚ್ಚುಗಳು ನೇತಾಡುತ್ತಿದ್ದವು, ಸೈಜಿಗೊಂದು ಕಟ್ಟು. ಅವನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆದು ಕತ್ತರಿಸುವವರು ಕಟಿಂಗ್ ಮಾಸ್ಟರ್ ತಿಪ್ಪೇಸ್ವಾಮಿ. ಅಷ್ಟನ್ನೂ ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿಗೆ ಸೇರಿಸಬೇಕೆಂಬುದು ಮಾಲೀಕ ನಾಗರಾಜಪ್ಪನವರ ಆಸೆ.

“ಕಾಪಿ ಯಾಕ್ರಿ ಮೇಡಮ್ಮಾರ? ರಟ್ಟು ಸುಟ್ಟರ ನಾನದೀನಲ್ಲ, ಮತ್ತ ಬರೀತೀನಿ,” ಎಂದರು ಮಾಸ್ಟರು.

“ನೀವೇ ಇಲ್ದಂಗಾದ್ರೆ?” ಎಂದೆ.

ಹೊಲಿಗೆಯವರೆಲ್ಲ ನಕ್ಕರು. “ಮಾಸ್ಟರ್‌ನೂ ಸ್ಕ್ಯಾನ್ ಮಾಡ್ರಿ ಅಕ್ಕಾ! ಹೊಟ್ಟಿ ಹಿಡಿಯಂಗಿಲ್ಲ ಅಷ್ಟ!” ಎಂದಳೊಬ್ಬಳು. ಮಾಸ್ಟರು ನಗಲಿಲ್ಲ. ವಾದ ನಾನು ಗೆದ್ದೆ. ಇನ್ನು ಅಚ್ಚನ್ನು ಕಂಪ್ಯೂಟರೇ ಕೊಡುತ್ತದೆಂದು ನಾಗರಾಜಪ್ಪನವರು ಸ್ಕ್ಯಾನಿಂಗ್ ಮುಗಿದ ವಾರವೇ ಅವರನ್ನು ಕೆಲಸದಿಂದ ಕಳಿಸಿದರು.

ಎರಡು ತಿಂಗಳಿಗೆ, ಹಾಡಹಗಲೇ, ಶಾರ್ಟ್ ಸರ್ಕ್ಯೂಟ್ ಆಯಿತು. ರಟ್ಟುಗಳೂ ಕಂಪ್ಯೂಟರೂ ಸುಟ್ಟುಹೋದವು. ನಾನು ಓಡಿಬಂದು ಲ್ಯಾಪ್‌ಟಾಪ್ ತೆರೆದೆ.

“ಫೈಲು ಬರಲಿಲ್ಲಂದ್ರ ಸೋಮವಾರ ತಿಪ್ಪೇಸ್ವಾಮಿ ಕಾಲು ಹಿಡಿದು ಕರಕೊಂಡು ಬರಬೇಕಾಕೈತಿ,” ಎಂದರು ನಾಗರಾಜಪ್ಪ.

“ರಾತ್ರಿ ಕಂಪ್ಯೂಟರ್ ಆನಲ್ಲೇ ಇರ್ತಿತ್ತು ತಾನೆ?” ಎಂದೆ, ಸುಮ್ಮನೆ.

“ಎಲ್ಲೀದು? ಮೇನ್ ಆಫ್ ಮಾಡಿ, ಕೈಮುಗಿದು ಬಾಗ್ಲು ಹಾಕೋದು. ನಮ್ಮಪ್ಪನ ಕಾಲದಿಂದ ಹಂಗ.”

ಕಂಪ್ಯೂಟರ್ ಆನಿದ್ದರೆ ಮಾತ್ರ ಬ್ಯಾಕಪ್ ನಡೆಯುತ್ತದೆ. ಬ್ಯಾಕಪ್ಪಿಗೆ ನಾನು ಇಟ್ಟಿದ್ದ ಹೊತ್ತು ರಾತ್ರಿ ಎರಡು ಗಂಟೆ. ಒಮ್ಮೆ ಮರಳಿ ಇಳಿಸಿ ಪರೀಕ್ಷಿಸುವುದು ಈ ಕಸುಬಿನ ಮೊದಲ ಪಾಠ. ನಾನದನ್ನು ಮಾಡಿರಲಿಲ್ಲ. ಬ್ಯಾಕಪ್ ನಡೆಯಿತೋ ಇಲ್ಲವೋ ಎಂದು ಬರುವ ವರದಿಯ ಇಮೇಲುಗಳನ್ನೂ ತೆರೆದಿರಲಿಲ್ಲ. ಅಂದರೆ ಕ್ಲೌಡ್‌ನಲ್ಲಿ ಏನೂ ಇರಬಾರದು. ಮಾನ ಹೋಯಿತು, ಆದರೆ ಮಾಸ್ಟರಿಗೆ ಕೆಲಸ ಸಿಕ್ಕಿತು ಎಂದುಕೊಂಡೆ. ಸುಳ್ಳೇಕೆ, ಒಳಗೊಳಗೆ ಸ್ವಲ್ಪ ಹಗುರವೂ ಆಯಿತು.

ಆದರೆ ಫೈಲುಗಳು ಇಳಿಯತೊಡಗಿದವು. ಒಂದೂ ಬಿಡದೆ ಎಲ್ಲವೂ ಬಂದವು.

ದಾಖಲೆ ನೋಡಿದೆ. ನಡೆದದ್ದು ಒಂದೇ ಒಂದು ಬ್ಯಾಕಪ್, ಮಾಸ್ಟರನ್ನು ಕಳಿಸಿದ ದಿನದ ರಾತ್ರಿ ಎರಡಕ್ಕೆ. ಅಂದು ಸಂಜೆಯೇ ಆ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಮರುದಿನ ಮಧ್ಯಾಹ್ನದವರೆಗೆ ಕರೆಂಟಿರಲಿಲ್ಲ. ಎಲ್ಲರಿಗೂ ನೆನಪಿತ್ತು. ಬೀಳ್ಕೊಡುವಾಗ ಮಾಸ್ಟರಿಗೆ ಹಾರ ಹಾಕಿದ್ದೇ ಮೊಬೈಲ್ ಟಾರ್ಚಿನ ಬೆಳಕಿನಲ್ಲಿ. ಕಂಪ್ಯೂಟರಿಗೆ ಯುಪಿಎಸ್ ಇರಲಿಲ್ಲ. ಗಡಿಯಾರ ತಪ್ಪಿರಬಹುದೆಂದರೆ ಆ ಸಮಯ ಬರೆದದ್ದು ಕಾರ್ಖಾನೆಯ ಕಂಪ್ಯೂಟರಲ್ಲ, ಕ್ಲೌಡ್‌ನ ದೂರದ ಸರ್ವರ್. ಬೇರೆ ಯಾರಾದರೂ ಮಾಡಿರಬಹುದೆಂದರೆ ಪಾಸ್‌ವರ್ಡ್ ಗೊತ್ತಿದ್ದವಳು ನಾನೊಬ್ಬಳೇ. ಎರಡೂ ಪಕ್ಷ ವಹಿಸಿ ವಾದಿಸಿದೆ, ಎರಡೂ ಸೋತವು.

ಮರುದಿನ ಭೈರವಾನಿತಿಪ್ಪದಲ್ಲಿ ಮಾಸ್ಟರ ಮನೆ ಹುಡುಕಿಕೊಂಡು ಹೋದೆ. ಶಾಲೆಮಕ್ಕಳ ಚಡ್ಡಿಗಳಿಗೆ ತೇಪೆ ಹಾಕುತ್ತಿದ್ದರು.

“ಏನ್ರಿ, ಇನ್ನೊಂದು ವಾದ ಐತೇನು?”

ಹಾರ ಹಾಕಿಸಿಕೊಂಡು ಬಂದ ಆ ರಾತ್ರಿ ಎಲ್ಲಿದ್ದಿರಿ ಎಂದು ಕೇಳಿದೆ.

“ಇಲ್ಲೇ. ನಿದ್ದಿ ಹತ್ತಲಿಲ್ಲ. ಕತ್ಲಾಗ ಕುಂತು ಎಲ್ಲಾ ಸೈಜೂ ಒಂದೊಂದಾಗಿ ಗಾಳ್ಯಾಗ ಬೆರಳಿಲೆ ಬರದೆ. ನಾಳೆ ಕರದ್ರ ಮರತಿರಬಾರದಲ್ರಿ.”

“ಎಷ್ಟೊತ್ತಿಗೆ?”

“ಗಡಿಯಾರ ಯಾರು ನೋಡ್ಯಾರ್ರಿ?” ಎಂದು ದಾರ ಕಡಿದರು. ಆಮೇಲೆ ಕೇಳಿದರು, “ಬೆಂಕಿ ಬಿದ್ದದ್ದು ಕೇಳೀನಿ. ಫೈಲು ಎಲ್ಲಾ ಬಂದ್ವೇನು? ಒಂದೂ ಬಿಡದಂಗ?”

ಹೌದೆಂದೆ.

“ಹಂಗಾರ ನನ್ನ ಕರಿಯಂಗಿಲ್ಲ.”

ನಾಗರಾಜಪ್ಪನವರು ಇವತ್ತಿಗೂ ನನ್ನನ್ನು ಕಾರ್ಖಾನೆ ಉಳಿಸಿದವಳೆಂದು ಪರಿಚಯಿಸುತ್ತಾರೆ. ನಾನು ತಿದ್ದಿಲ್ಲ. ಆ ಫೈಲುಗಳು ಹೇಗೆ ಬಂದವೋ ನನಗೆ ಗೊತ್ತಿಲ್ಲ. ಬರದಿದ್ದರೆ ಸೋಮವಾರ ಮಾಸ್ಟರು ಕೆಲಸಕ್ಕೆ ಹೋಗುತ್ತಿದ್ದರು, ಅಷ್ಟು ಗೊತ್ತು.