ರೇಸಿನ ಕಾರಿಗೆ ಕನ್ನಡ ಕಲಿಸಿದವರು

ಟೇಪ್ ಅಂಗಡಿಯವರ ಎಡಗೈ ಕಿರುಬೆರಳಿನ ತುದಿ ಕ್ಯಾಸೆಟ್ಟಿನ ಹಲ್ಲುಗಾಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಸಡಿಲಾದ ರೀಲು ಸುತ್ತಲು ಬೇರೆಯವರು ಪೆನ್ಸಿಲ್ ಹುಡುಕುತ್ತಿದ್ದರೆ ಇವರು ಬೆರಳು ತೂರಿಸಿ, ಗಿರಾಕಿಯ ಜೊತೆ ಮಾತಾಡುತ್ತಲೇ ಗಿರಗಿರ ತಿರುಗಿಸಿ ಕೊಟ್ಟುಬಿಡುತ್ತಿದ್ದರು. ನಾನೂ ಮನೆಯಲ್ಲಿ ಬಾಗಿಲು ಹಾಕಿಕೊಂಡು ಪ್ರಯತ್ನಿಸಿದ್ದೇನೆ. ಬೆರಳು ಸಿಕ್ಕಿಕೊಂಡಿತು.

ತೊಂಬತ್ತರ ದಶಕದ ಕೊನೆ. ಜೇವರ್ಗಿ ಬಸ್‌ಸ್ಟ್ಯಾಂಡಿನ ಎದುರು ಅವರ ಅಂಗಡಿ. ಪಕ್ಕದಲ್ಲೇ ಎರಡು ಯಂತ್ರಗಳ ಕಂಪ್ಯೂಟರ್ ಸೆಂಟರ್, ಕಲಿಸುವವನು ನಾನು. ಕಲಿಯುವವರು ಮಾತ್ರ ಇರಲಿಲ್ಲ. "ಈ ಬ್ಯಾಸಗಿ ಸೂಟಿಯೊಳಗ ಹುಡುಗ್ರು ಬರಲಿಲ್ಲಂದ್ರ ಬಾಗಲಾ ಹಾಕೂದೇ ನೋಡ್ರಿ ಸರ" ಎಂದು ಸೆಂಟರಿನ ಮಾಲೀಕರು ಹೇಳಿಹೋಗಿದ್ದರು.

ಯಂತ್ರದಲ್ಲಿ ಒಂದು ಕಾರ್ ರೇಸಿನ ಆಟವಿತ್ತು. ಕಾರು ಡಿಕ್ಕಿ ಹೊಡೆದಾಗ ಒಳಗಿನವನು ಇಂಗ್ಲಿಷಿನಲ್ಲಿ ಕಿರುಚುತ್ತಿದ್ದ. ಅವನು ಕನ್ನಡದಲ್ಲಿ ಕಿರುಚಿದರೆ ತಾಲೂಕಿನ ಹುಡುಗರೆಲ್ಲ ಬಂದು ಬೀಳುತ್ತಾರೆ ಎಂದು ಮಾಲೀಕರಿಗೆ ಮಾತು ಕೊಟ್ಟುಬಿಟ್ಟೆ. ಹೇಗೆ ಮಾಡುವುದೆಂದು ಕೊಟ್ಟ ಮೇಲೆ ಹುಡುಕಿದೆ.

ಆಟದ ದನಿಯ ಫೈಲುಗಳು ಸಿಕ್ಕವು. ನನ್ನ ದನಿ ಮುದ್ರಿಸಿ, ಹಳೆಯ ಫೈಲಿನ ಹೆಸರನ್ನೇ ಇಟ್ಟು, ಅದರ ಜಾಗದಲ್ಲಿ ಕೂರಿಸಿದೆ. ಕಾರು ಮೂಕವಾಯಿತು. ಎರಡು ದಿನ ಗುದ್ದಿಸಿದೆ; ಮೂಕವೇ.

ಮೂರನೆಯ ದಿನ ಟೇಪ್ ಅಂಗಡಿಯವರು ಚಹಾದ ಕಪ್ಪು ಹಿಡಿದು ಒಳಗೆ ಬಂದರು. "ಸರ, ಅದರ ಹಳೇ ದನಿ ಒಮ್ಮೆ ಹಚ್ರಿ. ಈಗ ನಿಮ್ದು." ಎರಡನ್ನೂ ಕಣ್ಣು ಮುಚ್ಚಿ ಕೇಳಿದರು. "ಅದು ಹಳೇ ರೇಡಿಯೋ ಇದ್ದಂಗ ಒರಟದ. ನಿಮ್ದು ಎರಡೂ ಸ್ಪೀಕರಿನ್ಯಾಗ ಭಾಳ ನೈಸಾಗಿ ಬರಾಕತ್ತದ. ಇಷ್ಟು ತುಪ್ಪ ಅದರ ಹೊಟ್ಟಿಗಿ ಜೀರ್ಣ ಆಗಂಗಿಲ್ರಿ. ಇಳಸ್ರಿ."

ಏನೂ ಕೊರತೆಯಾಗಬಾರದೆಂಬ ಹೆದರಿಕೆಯಿಂದ ಅತ್ಯುತ್ತಮ ಗುಣಮಟ್ಟದಲ್ಲೇ ಮುದ್ರಿಸಿದ್ದೆ. ಡಿಪ್ಲೊಮಾ ಮಾಡಿದವನು ನಾನು, ಕಿವಿ ಅವರದು. ಹಲ್ಲು ಕಚ್ಚಿ ಗುಣಮಟ್ಟವನ್ನು ಕೆಳಕ್ಕಿಳಿಸಿದೆ. ಕಾರನ್ನು ಗೋಡೆಗೆ ಗುದ್ದಿದೆ.

"ಶರಣು ಶರಣಾರ್ಥಿ" ಅಂದಿತು ಕಾರು. ಅಷ್ಟೇ ಅಂದಿತು.

ಪುಣೆ, ಮುಂಬಯಿಗೆ ದುಡಿಯಲು ಹೋದವರಿಗೆ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುವುದು ಆಗ ನಮ್ಮ ಕಡೆ ರೂಢಿ. ಟೇಪಿನ ಮುಂದೆ ಕೂತವರು ಮೊದಲು ಶರಣು ಹೇಳಿಯೇ ಬಾಯಿ ತೆರೆಯುವುದು. ನಾನೂ ಹಾಗೇ ಮಾಡಿದ್ದೆ: "ಶರಣು ಶರಣಾರ್ಥಿ, ದಯವಿಟ್ಟು ಗಾಡಿ ನಿಧಾನ ಓಡಿಸ್ರಿ." ಆಟ ಒಂದು ಡಿಕ್ಕಿಗೆ ಕೊಡುವುದು ಒಂದೇ ಸೆಕೆಂಡು.

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. "ಗುದ್ದಿ ಶರಣು ಅಂತದಲ್ರೀ! ಇಷ್ಟು ಸಂಸ್ಕಾರ ನಮ್ಮ ಬಸ್ಸಿನ ಡ್ರೈವರಗೂ ಇಲ್ಲ!" ಆಮೇಲೆ ಮೈಕಿಗೆ ಬಾಗಿ, ದಾರಿಗೆ ಅಡ್ಡ ನಿಂತವನನ್ನು ಗದರಿಸುವ ಹಾಗೆ ಒಂದೇ ಉಸಿರಿಗೆ, "ಸರಿಯೋ ಲೇ!"

ಆ "ಸರಿಯೋ ಲೇ" ಕೇಳಲು ನೆಲೋಗಿಯಿಂದ ಬಸ್ಸು ಹತ್ತಿ ಹುಡುಗರು ಬಂದರು. ಆಟಕ್ಕೆ ಬಂದವರಲ್ಲಿ ಕೆಲವರು ಕಲಿಯಲೂ ಸೇರಿದರು. ಯಾರೂ ಇಲ್ಲದಾಗ ನಾನೂ ಹತ್ತು ಸಲ ಒದರಿ ಮುದ್ರಿಸಿ ನೋಡಿದೆ. ಬಸ್ಸಿನಲ್ಲಿ ಸೀಟು ಬೇಡುವವನ ಹಾಗೆ ಕೇಳಿಸಿತು. ಅಳಿಸಿಹಾಕಿದೆ.

"ಇದು ಯಾರ ಕರಾಮತ್ತು?" ಎಂದು ಮಾಲೀಕರು ಕೇಳಿದಾಗ ಅವರು, "ಎಲ್ಲಾ ಸರಂದೇ ರೀ. ನಾ ಬರೇ ಒದರೇನಿ" ಅಂದರು. ಹೊಗಳಿಕೆಯನ್ನೂ ಅವರ ಕೈಯಿಂದಲೇ ಇಸಿದುಕೊಳ್ಳಬೇಕಾಯಿತಲ್ಲ ಎಂದು ಇನ್ನಷ್ಟು ಉರಿಯಿತು.

ಮಾಲೀಕರು ದಡ್ಡರಲ್ಲ. ವಾರದ ಮೇಲೆ ಟೇಪ್ ಅಂಗಡಿಗೇ ಬಂದು, ನನ್ನೆದುರೇ ಕೇಳಿದರು: "ಈ ಕ್ಯಾಸೆಟ್ ಧಂದಾ ಇನ್ನೆಷ್ಟು ದಿನ? ನೀವೇ ಬಂದು ಸೆಂಟರ್ ನಡಸ್ರಿ. ಸರ ಬ್ಯಾರೆ ಕಡೆ ನೋಡ್ಕೋತಾರ."

ಟೇಪ್ ಅಂಗಡಿಯವರು ಒಮ್ಮೆ ನನ್ನ ಮುಖ ನೋಡಿದರು. "ನನಗೆಲ್ಲಿ ಆಗ್ತದ್ರೀ ಸಾಹುಕಾರ್ರ? ಇಂಗ್ಲಿಷ್ ಒಂದಕ್ಷರಾ ಬರಂಗಿಲ್ಲ."

ಅವರ ಬೆನ್ನ ಹಿಂದೆ ಗೋಡೆ ತುಂಬ ಕ್ಯಾಸೆಟ್ಟುಗಳು. ಒಂದೊಂದರ ಮೇಲೂ ಅವರದೇ ಕೈಬರಹದ ಇಂಗ್ಲಿಷ್ ಚೀಟಿ. ಮಾಲೀಕರು ಗೋಡೆ ನೋಡಲಿಲ್ಲ. ನಾನು ನೋಡಿದೆ, ಆಮೇಲೆ ನೆಲ ನೋಡಿದೆ. ಆ ನೌಕರಿ ಇನ್ನೂ ನಾಲ್ಕು ವರ್ಷ ನನ್ನದಾಗಿತ್ತು. ಅವರ ಅಂಗಡಿ ಎರಡೇ ವರ್ಷ ನಡೆಯಿತು.

ಈಚೆಗೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಮಣ್ಣು ಹಾಕುವ ಸಾಲಿನಲ್ಲಿ ನನ್ನ ಮುಂದೆ ಅದೇ ಮಾಲೀಕರು, ಕೋಲೂರಿಕೊಂಡು.

"ಏನ್ ಕಿವಿ ಇತ್ರೀ ಅವರ್ದು! ನಾಕಕ್ಷರ ಇಂಗ್ಲಿಷ್ ಬಂದಿದ್ರ ನಾ ಬಿಡ್ತಿದ್ದಿಲ್ಲ."

"ಬರ್ತಿತ್ರಿ" ಅಂದೆ. "ನನ್ನ ನೌಕರಿ ಹೋಗಬಾರ್ದಂತ ಹಂಗಂದ್ರು. ನನಗ ಅವತ್ತೇ ಗೊತ್ತಿತ್ತು."

ಮಾಲೀಕರು ಕೋಲು ಊರಿ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಸರದಿ ಬಂತು. ಹಿಡಿ ಮಣ್ಣು ಹಾಕಿದೆ. ಹೊಟ್ಟೆಕಿಚ್ಚು ಆಗಲೂ ಆರಿರಲಿಲ್ಲ. ಅಂಥ ಸುಳ್ಳಿಗೆ ನಾನಾಗಿದ್ದರೆ ಒಂದು ವಾರ ತಯಾರಿ ಮಾಡಿಕೊಳ್ಳುತ್ತಿದ್ದೆ. ಕೊನೆಗೆ ಹೇಳುತ್ತಲೂ ಇರಲಿಲ್ಲ.