ಇಬ್ಬರಿಗೂ ಆಗುವ ಫ್ರೇಮ್

ನನ್ನ ತಮ್ಮ ಏಕನಾಥನಿಗೆ ಹೊಟ್ಟೆಕಿಚ್ಚು ಹತ್ತಿದೆ ಎಂದು ತಿಳಿಯಲು ಜ್ಯೋತಿಷಿ ಬೇಕಿಲ್ಲ. ಅವನು ವಿಪರೀತ ಒಳ್ಳೆಯವನಾಗಿಬಿಡುತ್ತಾನೆ. ಚಿಕ್ಕಂದಿನಲ್ಲಿ ಹಾಡಿನ ಸ್ಪರ್ಧೆಯಲ್ಲಿ ನನಗೆ ಬಹುಮಾನ ಬಂದ ದಿನ, ಕೇಳದೆಯೇ ನನ್ನ ಶೂಗೆ ಪಾಲಿಷ್ ಹಾಕಿಟ್ಟಿದ್ದ. ಸಂಜೆಯ ಹೊತ್ತಿಗೆ ಬಹುಮಾನದ ಸ್ಟೀಲ್ ಲೋಟ ಸೊಟ್ಟಗಾಗಿತ್ತು. ಹೀಗಾಗಿ ಹೋದ ಚಳಿಗಾಲದಲ್ಲಿ ಅವನು ಹೆಂಡತಿ ಹರಿಣಿಗೆ ದಿನಾ ಬೆಳಿಗ್ಗೆ ಕಾಫಿ ಮಾಡಿಕೊಡುತ್ತಿದ್ದಾನೆ ಎಂದು ಕೇಳಿದ ಕೂಡಲೇ, ಈ ಸಲ ಸೊಟ್ಟಗಾಗುವುದು ಏನೋ ಎಂದುಕೊಂಡೆ.

ಏಕನಾಥ ಮಾನೇಸರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಗಾಡಿಗಳ ಶಾಕ್ ಅಬ್ಸಾರ್ಬರ್ ಪರೀಕ್ಷೆ ಮಾಡುವುದು ಅವನ ಕೆಲಸ. ಮನೆ ಗುರುಗ್ರಾಮದಲ್ಲಿ. ನಾನು ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನವಳು. ಹಗಲು ಫೈಲು, ಸಂಜೆ ಬ್ಲೌಸ್ ಹೊಲಿಗೆ. ಭಾನುವಾರ ಬಂತೆಂದರೆ ಅವನು ಗೆಳೆಯರೊಂದಿಗೆ ಅರಾವಳಿ ಗುಡ್ಡಗಳಲ್ಲಿ ಮೌಂಟನ್ ಬೈಕ್ ತುಳಿಯಲು ಹೋಗುತ್ತಾನೆ. ಮದುವೆಯಾದ ಮೇಲೆ ಹರಿಣಿಯನ್ನೂ ಕರೆದುಕೊಂಡು ಹೋದ. ತನ್ನ ಹಳೆಯ ಸೈಕಲ್ ಕೊಟ್ಟ. ಕಲ್ಲು ಬಂದಾಗ ಮುಂದಿನ ಚಕ್ರ ಎತ್ತುವುದು, ಇಳಿಜಾರಿನಲ್ಲಿ ಮೈ ಹಿಂದಕ್ಕೆ ಸರಿಸುವುದು, ಎಲ್ಲವನ್ನೂ ಮುತುವರ್ಜಿಯಿಂದ ಕಲಿಸಿದ.

ಅವಳು ಕಲಿತಳು. ಅಲ್ಲೇ ಬಂತು ನೋಡಿ ತೊಂದರೆ. ಒಂದೇ ವರ್ಷದಲ್ಲಿ ಗುರುವಿಗೇ ತಿರುಮಂತ್ರವಾಯಿತು. ಅವನು ಇಳಿದು ತಳ್ಳುವ ಕಡೆ ಅವಳು ಕೂತೇ ದಾಟತೊಡಗಿದಳು. ಗುಂಪಿನ ಇಂದುಶೇಖರ ಬೇರೆ, ಎಲ್ಲರ ಮುಂದೆ, "ಹರಿಣಿ, ಆ ಬಂಡೆ ಹೇಗೆ ಹತ್ತಿದ್ರಿ? ನಿಮ್ಮ ಯಜಮಾನ್ರಿಗೂ ಸ್ವಲ್ಪ ಹೇಳಿಕೊಡಿ" ಅಂದನಂತೆ. ತಮಾಷೆಗೇ ಅಂದದ್ದು. ಆದರೆ ನನ್ನ ತಮ್ಮನ ಮುಖ ಹುಳ್ಳಗಾಯಿತು. ಅದರ ಮಾರನೆಯ ದಿನದಿಂದಲೇ ಕಾಫಿ ಶುರುವಾದದ್ದು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಸೈಕಲ್ ಸರಿಯಿಲ್ಲ ಅಂದ. ಮುಂದೆ ಮಾತ್ರ ಶಾಕ್ ಇರುವ ಸೈಕಲ್ಲಿನಲ್ಲಿ ಹಿಂದಿನ ಚಕ್ರ ಕುಪ್ಪಳಿಸುತ್ತದೆ, ಅದಕ್ಕೇ ತಾನು ಹಿಂದೆ ಬೀಳುವುದು ಎಂದು ತೀರ್ಮಾನಿಸಿದ. ಹರಿಣಿಯದೂ ಮುಂದೆ ಮಾತ್ರ ಶಾಕ್ ಇರುವ ಸೈಕಲ್ಲೇ ಎಂದು ನಾನು ನೆನಪಿಸಿದರೆ, "ನಿನಗೆ ಗೊತ್ತಾಗಲ್ಲ ಅಕ್ಕ" ಎಂದು ಬಾಯಿ ಮುಚ್ಚಿಸಿದ. ಹಿಂದೆಯೂ ಮುಂದೆಯೂ ಶಾಕ್ ಇರುವ ಫುಲ್ ಸಸ್ಪೆನ್ಷನ್ ಫ್ರೇಮ್ ಒಂದನ್ನು ತರಿಸುವುದು, ಚಕ್ರ, ಬ್ರೇಕ್, ಗೇರುಗಳನ್ನು ತನ್ನ ಸೈಕಲ್ಲಿನಿಂದಲೇ ಬಿಚ್ಚಿ ಅದಕ್ಕೆ ಜೋಡಿಸುವುದು ಎಂದಾಯಿತು.

ಆಮೇಲೆ ತಿಂಗಳುಗಟ್ಟಲೆ ಅದೇ ಜಪ. ಊಟಕ್ಕೆ ಕೂತರೂ ಅದೇ. "ತೀರಾ ಮೆತ್ತಗಿರೋ ಫ್ರೇಮ್ ಇಳಿಯೋವಾಗ ಸುಖ ಅಕ್ಕ, ಏರೋವಾಗ ಕಾಲಿನ ಶಕ್ತಿಯೆಲ್ಲ ಅದೇ ನುಂಗುತ್ತೆ. ಬಿಗಿ ಇದ್ರೆ ಏರೋಕೆ ಚೆನ್ನ, ಇಳಿಯೋವಾಗ ಮೂಳೆ ಪುಡಿ. ನಮಗೆ ಬೇಕಾಗಿರೋದು ನಡುವಿಂದು. ಅರಾವಳಿಗೂ ಸೈ, ರಜೆಯಲ್ಲಿ ಹಿಮಾಚಲಕ್ಕೂ ಸೈ." ಅಂಥದೊಂದು ಕೊನೆಗೂ ಸಿಕ್ಕಿತು. ಹರಿಣಿ ಕಣ್ಣರಳಿಸಿ, "ಒಂದು ಭಾನುವಾರ ನೀವು, ಒಂದು ಭಾನುವಾರ ನಾನು" ಅಂದಳು. "ಅಚ್ಛಾ, ಹಾಗೇ ಆಗಲಿ. ಇಬ್ಬರಿಗೂ ಆಗೋದನ್ನೇ ತರಿಸೋಣ" ಅಂದ ನಮ್ಮ ಒಳ್ಳೆಯವನು.

ಫ್ರೇಮಿನ ಸೈಜು ಗೊತ್ತಾಗಬೇಕಾದರೆ ಕಾಲಿನ ಒಳ ಅಳತೆ ಬೇಕಂತೆ. ಗೋಡೆಗೆ ಒರಗಿ ನಿಂತು, ತೊಡೆಗಳ ನಡುವೆ ದಪ್ಪ ಪುಸ್ತಕವೊಂದನ್ನು ಮೇಲಕ್ಕೆ ಒತ್ತಿ ಹಿಡಿದು, ಅಲ್ಲಿಂದ ನೆಲಕ್ಕೆ ಅಳೆಯಬೇಕಂತೆ. ಟೇಪು ಹಿಡಿದು ಹೋಗಿದ್ದ ನಾನು ಕಿರುಚಿಯೇಬಿಟ್ಟೆ. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಪುಸ್ತಕವನ್ನು ತೊಡೆಸಂದಿಗೆ ಇಡುವುದೇ? ಸರಸ್ವತಿ ಸುಮ್ಮನಿರುತ್ತಾಳೆಯೇ? ಅಡುಗೆಮನೆಯಿಂದ ಲಟ್ಟಣಿಗೆ ತಂದುಕೊಟ್ಟೆ. ಹರಿಣಿ ನಕ್ಕು ನಕ್ಕು ಎರಡು ಸಲ ಅದನ್ನು ಬೀಳಿಸಿದಳು. ಆದರೂ ಅಳತೆ ಕರಾರುವಾಕ್ಕಾಗಿತ್ತು. ಅವಳಿಗೆ ಮೀಡಿಯಮ್ ಸರಿ. ಏಕನಾಥ ಮೀಡಿಯಮ್ಮಿಗೂ ಲಾರ್ಜಿಗೂ ನಡುವಿನವನು, ಮೀಡಿಯಮ್ಮಿನಲ್ಲಿ ಸೀಟು ಒಂದಿಷ್ಟು ಎತ್ತರಿಸಿದರೆ ಮುಗಿಯಿತು. ಇಬ್ಬರಿಗೂ ಆಗುವುದು ಯಾವುದೆಂದು ಹೇಳಲು ಇಂಜಿನಿಯರೇ ಆಗಬೇಕಿರಲಿಲ್ಲ.

ಬಂದದ್ದು ಲಾರ್ಜ್.

ಜೋಡಿಸಿದ ಮೇಲೆ ಹರಿಣಿ ಹತ್ತಿ ನೋಡಿದಳು. ಹ್ಯಾಂಡಲ್ ಹಿಡಿಯಲು ಮುಂದಕ್ಕೆ ಚಾಚಬೇಕು, ನಿಲ್ಲಿಸಿ ಇಳಿಯಲು ಹೋದರೆ ಫ್ರೇಮಿನ ಮೇಲಿನ ಪೈಪು ಅಡ್ಡ, ಕಾಲು ನೆಲಕ್ಕೆ ಎಟಕದು. ಗುಡ್ಡದಲ್ಲಿ ಹೀಗಾದರೆ ಕೈಕಾಲು ಮುರಿದಂತೆಯೇ. ಏಕನಾಥ ತಲೆಯ ಮೇಲೆ ಕೈಹೊತ್ತು, "ಅಯ್ಯೋ, ಇದು ಅಕ್ಕನ ಲಟ್ಟಣಿಗೆ ಮಾಡಿದ ಎಡವಟ್ಟು! ಪುಸ್ತಕ ಇಟ್ಟಿದ್ರೆ ಹೀಗಾಗ್ತಿರಲಿಲ್ಲ" ಅಂದ. ಮೈಯೆಲ್ಲ ಉರಿಯಿತು ನನಗೆ. ಇಷ್ಟು ವರ್ಷ ಬ್ಲೌಸ್ ಹೊಲಿದವಳು ನಾನು, ನನ್ನ ಅಳತೆ ತಪ್ಪಂತೆ!

ಜಗಳಕ್ಕೆ ನಿಲ್ಲುವವಳಿದ್ದೆ. ಹರಿಣಿ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಬಿಡಿ ಅತ್ತಿಗೆ. ಆರ್ಡರ್ ಮಾಡೋವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಮೀಡಿಯಮ್ ಒತ್ತಿದ್ರು. ನಾನು ಟಿವಿ ನೋಡ್ತಿದ್ದೀನಿ ಅಂದ್ಕೊಂಡು ಅದನ್ನ ತೆಗೆದು ಲಾರ್ಜ್ ಒತ್ತಿದ್ರು."

"ನೋಡ್ಕೊಂಡು ಸುಮ್ನೆ ಕೂತಿದ್ಯೇನೇ?"

"ಏನು ಮಾಡಲಿ? ಶಿಫ್ಟಿನ ಕೆಲಸ, ಅವರು ಬರೋ ಹೊತ್ತಿಗೆ ನಾನು ಮಲಗಿರ್ತೀನಿ. ನಮ್ಮಿಬ್ಬರಿಗೆ ಸಿಗೋದು ಭಾನುವಾರ ಒಂದೇ. ಗುಡ್ಡದಲ್ಲಿ ನನಗಿಂತ ಹಿಂದೆ ಉಳಿದಾಗಿಂದ ಅದಕ್ಕೂ ನೆಪ ಹೇಳೋಕೆ ಶುರು ಮಾಡಿದ್ದಾರೆ. ಸೈಕಲ್ ಹೋದ್ರೆ ಹೋಗ್ಲಿ, ಅವರು ಬಂದ್ರೆ ಸಾಕು."

ಮುಂದಿನ ಭಾನುವಾರ ನಾನೂ ಹೋದೆ, ನೋಡಲೇಬೇಕೆಂದು. ಹಾದಿಯ ಕೊನೆಯಲ್ಲೊಂದು ಕಡಿದಾದ ಏರು. ಅದರ ತಲೆಯಲ್ಲಿ ಚಾಯ್ ಮಾರುವ ಭಯ್ಯಾನ ಗಾಡಿ, ಪಕ್ಕದಲ್ಲೇ ನಾವು ಬಂದ ಕಾರು. ಅಲ್ಲಿ ಕೂತರೆ ಜಾಲಿಗಿಡಗಳ ನಡುವೆ ಏರು ಪೂರ್ತಿ ಕಾಣುತ್ತದೆ. ಮಂಜು ಸರಿದ ಹೊತ್ತಿಗೆ ಇಬ್ಬರೂ ಬಂದರು. ಹೊಸ ಫ್ರೇಮಿನ ಮೇಲೆ ಏಕನಾಥ, ಅವನ ಬೆನ್ನಿಗೇ ಹಳೆಯ ಸೈಕಲ್ಲಿನ ಹರಿಣಿ. ಅವನು ಏದುಸಿರು ಬಿಡುತ್ತಿದ್ದ. ಅವಳ ಉಸಿರು ಏರಿರಲೇ ಇಲ್ಲ. ಏರಿನ ನಡುವೆ ಅವಳು ಇದ್ದಕ್ಕಿದ್ದಂತೆ ಇಳಿದು ನಿಂತಳು. ಮೇಲೆ ನೋಡಿದಳು. ಅವನು ತುದಿ ಮುಟ್ಟಿದ ಮೇಲೆ ಮತ್ತೆ ಹತ್ತಿ, ಸರಸರನೆ ಬಂದಳು.

ಏಕನಾಥ ಗೆದ್ದ ಮುಖ ಹೊತ್ತು ತಿರುಗಿದವನು, ಅವಳು ನಿಂತದ್ದನ್ನೂ, ಮೇಲೆ ನೋಡಿ ಕಾದದ್ದನ್ನೂ ನೋಡಿಬಿಟ್ಟಿದ್ದ. ಭಯ್ಯಾ ಚಾಚಿದ ಚಾಯ್ ಲೋಟವನ್ನು ಗಾಡಿಯ ಮೇಲೇ ಇಟ್ಟ.

"ಯಾಕೆ ನಿಂತೆ?"

"ಬಾಯಾರಿತ್ತು."

ಅವನು ಅವಳ ಸೈಕಲ್ಲಿನ ನೀರಿನ ಬಾಟಲಿ ಮುಟ್ಟಿ ನೋಡಿದ. ತುಂಬಿದ ಬಾಟಲಿ ತುಂಬಿದ ಹಾಗೇ ಇತ್ತು. ನನ್ನ ತಮ್ಮನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಪಾಪ ಅನ್ನಿಸಲಿಲ್ಲ, ಬೇಕಿತ್ತು ಅನ್ನಿಸಿತು.

"ಇನ್ಮೇಲೆ ನನಗೋಸ್ಕರ ನಿಲ್ಲಬೇಡ" ಅಂದ, ನೆಲ ನೋಡುತ್ತ.

ಹರಿಣಿ ಹೆಲ್ಮೆಟ್ ತೆಗೆದಳು. "ನಿಲ್ಲಲ್ಲ ರೀ. ಆದ್ರೆ ನಾನು ಮುಂದೆ ಹೋದ್ರೂ ನೀವು ಬರ್ತೀರಾ?"

ಬರುತ್ತೇನೆ ಎಂದೇನೋ ಅಂದ. ಆದರೆ ಆ ಒಂದು ಮಾತು ಬಾಯಿಂದ ಹೊರಡುವ ಹೊತ್ತಿಗೆ ಹರಿಣಿ ತನ್ನ ಸೈಕಲನ್ನು ಕಾರಿನ ಮೇಲಿಟ್ಟು, ಹಗ್ಗ ಬಿಗಿದು, ಒಳಗೆ ಕೂತಾಗಿತ್ತು.