ಎಂಟರಲ್ಲಿ ಒಂದು ಪಾಲು

ಒಲೆ ಹೊತ್ತಿಸುವ ಮುಂಚೆ ದೊಡ್ಡಮುನಿಯಮ್ಮ ಅಕ್ಕಿ ಅಳೆಯುವ ಪಾವನ್ನು ಅಂಗೈ ಮೇಲೆ ಬೋರಲು ಹಾಕಿ ಮೂರು ಸಲ ತಟ್ಟುತ್ತಿದ್ದಳು. ಹಿಂದಿನ ದಿನದ ಒಂದು ಕಾಳೂ ಒಳಗೆ ಉಳಿದಿರಬಾರದು. ಜ್ವರದಲ್ಲಿ ಮಲಗಿದ ದಿನವೂ ಎದ್ದು ಬಂದು ತಟ್ಟಿ, ಮತ್ತೆ ಹೋಗಿ ಮಲಗಿದ್ದನ್ನು ಕಂಡಿದ್ದೇನೆ. ಹೋಳೂರಿನಲ್ಲಿ ಆಕೆಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ.

ಓದು ಬರಹ ಬಾರದ ಆಕೆಯ ಜಗಲಿಗೆ ಕೇರಿಯ ಮಕ್ಕಳು ಸಂಜೆ ಲೆಕ್ಕ ಕಲಿಯಲು ಬರುತ್ತಿದ್ದರು. ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು: ಪ್ರತಿಯೊಂದೂ ಅದರ ಹಿಂದಿನದರ ಅರ್ಧ. ದೋಸೆಗೆ ನೆನೆಹಾಕುವಾಗ ಒಬ್ಬರಿಂದ ಅಚ್ಚೇರು ಅಕ್ಕಿಗೆ ಅರೆಪಾವು ಉದ್ದು ಹಾಕಿಸುವಳು, ಇನ್ನೊಬ್ಬರಿಂದ ಪಾವು ಅಕ್ಕಿಗೆ ಚಟಾಕು ಉದ್ದು. ಮಾರನೆಯ ದಿನ ಎರಡನ್ನೂ ಹುಯ್ದು, ಯಾವುದು ಯಾವುದೆಂದು ರುಚಿ ನೋಡಿ ಹೇಳಿ ಎನ್ನುವಳು. ಯಾರಿಗೂ ಹೇಳಲಾಗುತ್ತಿರಲಿಲ್ಲ.

“ಎರಡೂ ಒಂದೇ ಆದ್ರೆ, ನಂಗೆ ಅಚ್ಚೇರಿಂದೇ ಕೊಡು ದೊಡ್ಡಮ್ಮ” ಎಂದಳು ಒಮ್ಮೆ ಪಕ್ಕದ ಬೀದಿಯ ಶಾಮಲ.

“ರುಚಿ ಒಂದೇ ಕಣೇ. ನಿನ್ನ ಹೊಟ್ಟೆ ಬೇರೆ.”

ಮಕ್ಕಳ ಜೊತೆ ನಗುತ್ತಿದ್ದವಳು, ಯಾರ ಮನೆಯಲ್ಲಾದರೂ ಕಷಾಯ ಕುದಿಯುವ ಸದ್ದು ಕೇಳಿದರೆ ಎದ್ದು ಬೀದಿಗೆ ಹೋಗಿ ನಿಲ್ಲುತ್ತಿದ್ದಳು. ಆ ಗುಳುಗುಳು ಸದ್ದಿನೊಳಗೆ ತೀರಿಹೋದ ಮಗನ ದನಿ ಕೇಳುತ್ತದೆ, ‘ಇನ್ನೂ ಇಳಿಸವ್ವ’ ಅನ್ನುತ್ತಾನೆ ಎಂದು ನನ್ನೊಬ್ಬಳಿಗೆ ಹೇಳಿದ್ದಳು.

ಮಗ ಪೆದ್ದಪ್ಪನಿಗೆ ಆರು ವರ್ಷ ತುಂಬಿದಾಗ, ಮೂವತ್ತೆರಡನೇ ಇಸವಿಯಲ್ಲಿ, ವಿಷಮಜ್ವರ ಬಂತು. ನಾಟಿ ಪಂಡಿತರಾದ ಕೋದಂಡರಾಮಪ್ಪನವರು ಬೇರು ಕೊಟ್ಟು, ಒಂದು ಸೇರು ನೀರಿಗೆ ಹಾಕಿ, ಕುದಿಸಿ ಅರೆಪಾವಿಗೆ ಇಳಿಸಬೇಕೆಂದರು. ಗಡಿಗೆ ಚಿಕ್ಕದು. ಆಕೆ ಬೇರನ್ನೂ ನೀರನ್ನೂ ಅರ್ಧ ಮಾಡಿದಳು, ಆದರೆ ಇಳಿಸಿದ್ದು ಅರೆಪಾವಿಗೇ. ಕಷಾಯ ಸಪ್ಪೆಯಾಗಿಯೇ ಉಳಿಯಿತು. ನಾಲ್ಕನೆಯ ದಿನ ಮಗು ಹೋಯಿತು. ಎಷ್ಟೋ ದಿನದ ಮೇಲೆ ಅಳತೆ ಪಾತ್ರೆ ತೊಳೆಯುತ್ತ ಕುಳಿತಾಗ ತಪ್ಪು ಕಂಡಿತು. ಅಚ್ಚೇರು ನೀರು ಚಟಾಕಿಗೆ ಇಳಿಯಬೇಕಿತ್ತು. ಸರಿಯಾಗಿ ಇಳಿಸಿದ್ದರೆ ಮಗು ಉಳಿಯುತ್ತಿತ್ತೇ? ಅದೊಂದು ಗೊತ್ತಾಗಬೇಕಿತ್ತು ಆಕೆಗೆ. ಆದರೆ ಪಂಡಿತರು ಎದುರು ಬಂದರೆ ಬೀದಿ ಬದಲಿಸುತ್ತಿದ್ದಳು.

ಹೀಗೆ ಹನ್ನೊಂದು ವರ್ಷ ಕಳೆಯಿತು. ಶಾಮಲಳ ತಾಯಿಗೆ ಜ್ವರ ಬಂದಾಗ ಪಂಡಿತರು ಅದೇ ಬೇರು ಕೊಟ್ಟು ಅದೇ ಮಾತು ಹೇಳಿ ಹೋದರು. ಯುದ್ಧದ ಕಾಲ, ಸೌದೆಗೂ ಬರ. ಹುಡುಗಿ ತಾನೇ ಬೇರನ್ನೂ ನೀರನ್ನೂ ಅರ್ಧ ಮಾಡಿ, ಚಟಾಕಿಗೆ ಇಳಿಸಿದಳು. ಜ್ವರ ಬಿಟ್ಟಿತು.

ಯಾರು ಕಲಿಸಿದ್ದೆಂದು ಕೇಳಿಕೊಂಡು ಪಂಡಿತರು ಜಗಲಿಗೇ ಬಂದರು. ತಪ್ಪಿಸಿಕೊಳ್ಳಲು ಬೀದಿಯಿರಲಿಲ್ಲ. ಮುನಿಯಮ್ಮ ಮೊದಲ ಸಲ ಎಲ್ಲವನ್ನೂ ಹೇಳಿದಳು.

“ನಾಳೆ ಆಂಜನೇಯನ ಮುಂದೆ ಕರ್ಪೂರ ಆರಿಸಿ ಆಣೆ ಇಡ್ತೀನಿ ಮುನಿಯಮ್ಮ” ಎಂದರು ಮುದುಕರು. “ಸರಿಯಾಗಿ ಇಳಿಸಿದ್ರೂ ಆ ಮಗು ಉಳೀತಿರ್ಲಿಲ್ಲ ಅಂತ. ನಿನ್ನ ಮನಸ್ಸು ತಣ್ಣಗಾಗ್ಲಿ.”

“ಉಳೀತಿರ್ಲಿಲ್ಲ ಅಂತ ನಿಮಗೆ ಗೊತ್ತಾ ಸ್ವಾಮಿ?”

ಅವರು ಹೆಗಲ ಮೇಲಿನ ಟವೆಲು ಸರಿಪಡಿಸಿಕೊಂಡರು.

“ಹಾಗಾದ್ರೆ ಬೇಡ” ಎಂದಳು ಆಕೆ. “ನನಗೋಸ್ಕರ ದೇವರ ಮುಂದೆ ಗೊತ್ತಿಲ್ಲದ್ದು ಹೇಳ್ಬೇಡಿ.”